ಟವಲ್ ಕಟ್ಟಿಕೊಂಡು ಸ್ಪೀಕರ್ ಕೇಳುವ ನಮ್ಮ ಭಾವ

ನಮ್ಮ ಭಾವನವರು ವಾರಕ್ಕೊಮ್ಮೆ ಕುರುಡರಾಗುತ್ತಿದ್ದರು. ಭಾನುವಾರ, ತಿಂಡಿ ಆದ ಮೇಲೆ, ಒಂಬತ್ತರಿಂದ ಹನ್ನೊಂದರವರೆಗೆ. ಉಳಿದ ಹೊತ್ತೆಲ್ಲ ಅವರ ಕಣ್ಣು ಎಷ್ಟು ಚುರುಕು ಅಂದರೆ, ಅಕ್ಕ ಉಪ್ಪಿಟ್ಟು ಬಡಿಸುವಾಗ ನನ್ನ ತಟ್ಟೆಗೆ ಎರಡು ಗೋಡಂಬಿ ಜಾಸ್ತಿ ಬಿದ್ದರೆ ಪೇಪರಿನ ಹಿಂದಿನಿಂದಲೇ ಕಂಡುಹಿಡಿಯುತ್ತಿದ್ದರು. ಆದರೆ ಭಾನುವಾರ ಒಂಬತ್ತು ಹೊಡೆಯಿತೋ, ಕೆಂಪಂಚಿನ ಟವಲನ್ನು ಮೂರು ಮಡಿಕೆ ಮಾಡಿ ಕಣ್ಣಿಗೆ ಬಿಗಿದುಕೊಂಡು, ಯಡಿಯೂರಿನ ಆ ಪುಟ್ಟ ಮನೆಯ ಹಾಲಿನಲ್ಲಿ ಮರದ ಕುರ್ಚಿ ಹಾಕಿಕೊಂಡು ನೆಟ್ಟಗೆ ಕೂತುಬಿಡುವರು. ಹೊಸಬರು ಯಾರಾದರೂ ಬಾಗಿಲಲ್ಲಿ ನಿಂತು ನೋಡಿದರೆ ಏನೆಂದುಕೊಳ್ಳಬೇಕು? ಯಾರೋ ಇವರನ್ನು ಹಿಡಿದು ಕೂರಿಸಿದ್ದಾರೆ ಅಂತಲೇ. ಹಾಗೇನೂ ಇಲ್ಲ. ಭಾವನವರು ಸ್ಪೀಕರ್ ಕೇಳುತ್ತಿದ್ದರು.

ಭಾವ ಅಂದರೆ ನನ್ನ ದೊಡ್ಡಕ್ಕನ ಗಂಡ. ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ಇಪ್ಪತ್ತೈದು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವರು. ದಡಬಡ ಅಂತ ತಗಡು ಕುಟ್ಟುವ ಯಂತ್ರಗಳ ನಡುವೆ ನಿಂತು, ಹೊರಬಿದ್ದ ಮಾಲಿಗೆ ಪಾಸು ಅಥವಾ ಫೇಲು ಅಂತ ಸೀಲು ಒತ್ತುವುದು ಅವರ ಕೆಲಸ. ಆ ಸೀಲು ಅವರ ಜೊತೆಗೇ ಮನೆಗೂ ಬಂದಿತ್ತು. ಇವತ್ತಿನ ಹುಳಿ ಫೇಲು. ಹಾಲಿನವನು ಫೇಲು. ಪಕ್ಕದ ಮನೆಯವರ ಹೊಸ ಗೇಟು ಪಾಸು, ಆದರೆ ಬಣ್ಣ ಫೇಲು. ನಾನಂತೂ ಹುಟ್ಟಿದಾಗಿನಿಂದಲೇ ಫೇಲು.

ನಾನು ಬನಶಂಕರಿಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ಎಸ್ಸೆಸ್ಸೆಲ್ಸಿಯ ಗಣಿತ ಎರಡು ಸಲ ನನ್ನನ್ನು ಕೈಬಿಟ್ಟ ಮೇಲೆ ಸೈಕಲ್ ಕ್ಯಾರಿಯರಿಗೆ ಒಂದು ತುತ್ತೂರಿಯಂಥ ಹಾರ್ನ್ ಸ್ಪೀಕರ್ ಕಟ್ಟಿಕೊಂಡು ಶುರು ಮಾಡಿದೆ. ಗಣೇಶನ ಹಬ್ಬ, ನಾಮಕರಣ, ಓಟಿನ ಪ್ರಚಾರ, ಯಾವುದನ್ನೂ ಬಿಡಲಿಲ್ಲ. ಯಾರ ಹತ್ತಿರವೂ ಕೈ ಚಾಚದೆ ಎಂಟು ವರ್ಷದಲ್ಲಿ ಸ್ವಂತ ಅಂಗಡಿ ಮಾಡಿದೆ. ಗುಟ್ಟೇನು ಅಂತ ಕೇಳುವವರಿಗೆ ಹೇಳಿಬಿಡುತ್ತೇನೆ, ಬರೆದಿಟ್ಟುಕೊಳ್ಳಿ. ಅಂಗಡಿಗೆ ಹೋದಾಗ ನಿಮಗೆ ಬೇಕಾದ ಮಾಲಿನ ಕಡೆ ಕಣ್ಣೆತ್ತಿಯೂ ನೋಡಬೇಡಿ. ಅದರ ಪಕ್ಕದ್ದನ್ನು ಚೌಕಾಸಿ ಮಾಡಿ, ಅರ್ಧ ಗಂಟೆ ಜಗಳ ಆಡಿ, ಬೇಸರದಿಂದ ಮೆಟ್ಟಿಲು ಇಳಿಯುತ್ತಾ, "ಇದೆಷ್ಟು, ಈ ಮೂಲೇಲಿ ಬಿದ್ದಿರೋದು?" ಅನ್ನಬೇಕು. ಅಷ್ಟೇ ವ್ಯಾಪಾರ.

ಭಾವನವರಿಗೆ ಈ ವಿದ್ಯೆ ಕಂಡರೆ ಆಗದು. "ನೀನು ಅಂಗಡಿಯವನ ಮುಖ ನೋಡ್ತೀಯ, ಬೆಲೆ ನೋಡ್ತೀಯ, ಹೊಳೆಯೋ ಪಟ್ಟಿ ನೋಡ್ತೀಯ. ಕೇಳೋದು ಯಾವಾಗಯ್ಯ?" ಅನ್ನುತ್ತಿದ್ದರು. "ಕಣ್ಣು ಇದೆ ನೋಡು, ಅದು ಲಂಚ ತಿನ್ನುತ್ತೆ. ತಿಂದಮೇಲೆ ಕಿವಿ ಹತ್ತಿರ ಹೋಗಿ ಶಿಫಾರಸು ಮಾಡುತ್ತೆ."

ಅದಕ್ಕೇ ಟವಲು. ಟವಲು ಸಾಲದು ಅಂತ ಹಾಲಿನ ಮಧ್ಯೆ ಹಗ್ಗ ಕಟ್ಟಿ ಒಂದು ಬೆಡ್‌ಶೀಟು. ಅದರ ಹಿಂದೆ ಎರಡು ಸ್ಪೀಕರು, ಒಂದು ಆಂಪ್ಲಿಫೈಯರು, ಒಂದು ಟೇಪ್ ರೆಕಾರ್ಡರು, ಮತ್ತು ನಮ್ಮ ಅಕ್ಕ. ಒಂದನೇ ಸ್ಪೀಕರಿನ ಸದ್ದು ಹೇಗೆ, ಎರಡನೆಯದರದ್ದು ಹೇಗೆ ಅಂತ ಮೊದಲು ಒಂದು ಸಲ ಕೇಳಿಸಬೇಕು. ಆಮೇಲೆ ಅಕ್ಕ ಕಡಲೆಬೇಳೆ ಡಬ್ಬಿಯಿಂದ ಚೀಟಿ ಎತ್ತಬೇಕು. ಚೀಟಿಯಲ್ಲಿ ಒಂದು ಅಂತಿದ್ದರೆ ಒಂದನೇ ಸ್ಪೀಕರ್, ಎರಡು ಅಂತಿದ್ದರೆ ಎರಡನೆಯದು. ಯಾವುದು ಹಾಡುತ್ತಿದೆ ಅಂತ ಭಾವ ಹೇಳಬೇಕು. ಸರಿಯೋ ತಪ್ಪೋ ಅಂತ ಅಕ್ಕ ಹೇಳಬೇಕು. ಹೀಗೆ ಹತ್ತು ಚೀಟಿ. ಎರಡರ ವ್ಯತ್ಯಾಸವನ್ನೇ ಗುರುತಿಸಲಾರದವನು ಇದು ಮೇಲು ಅದು ಕೀಳು ಅಂತ ಹೇಗೆ ಹೇಳಿಯಾನು ಎಂಬುದು ಅವರ ವಾದ. ಒಪ್ಪತಕ್ಕ ಮಾತೇ.

ಇನ್ನು ಟೇಪಿನಲ್ಲಿ ಏನಿರುತ್ತಿತ್ತು ಅಂತೀರಿ? ಕೊಳಲೇ, ವೀಣೆಯೇ? ಯಾವುದೂ ಅಲ್ಲ. ತೆಂಗಿನಕಾಯಿ ತುರಿಯುವ ಸದ್ದು. ಸಾಸಿವೆ ಸಿಡಿದು ಒಗ್ಗರಣೆ ಚುಂಯ್ ಅನ್ನುವುದು. ಬಾಗಿಲ ಚಿಲಕ. ಕೊಡಕ್ಕೆ ನಲ್ಲಿ ನೀರು ಬೀಳುವುದು, ಅದು ತುಂಬುತ್ತಾ ತುಂಬುತ್ತಾ ದನಿ ಏರುವುದು. ಕೊನೆಗೆ ಅಕ್ಕ, "ರೀ, ಎಷ್ಟು ಹೊತ್ತು ಸ್ನಾನ, ನೀರು ಹೋಗಿಬಿಡತ್ತೆ" ಅಂತ ಕೂಗುವುದು.

"ವಿದ್ವಾಂಸರು ಹಾಡಿದ್ದು ಹಾಕಿದ್ರೆ ಅವರ ಗಂಟಲು ಆವತ್ತು ಹೇಗಿತ್ತೋ ನನಗೇನು ಗೊತ್ತು?" ಎಂದು ಭಾವ ವಿವರಿಸುತ್ತಿದ್ದರು. "ನಿಮ್ಮಕ್ಕ ಕೂಗೋದು ಹೇಗೆ ಅಂತ ಇಪ್ಪತ್ತು ವರ್ಷದಿಂದ ಗೊತ್ತು. ಅದನ್ನ ಯಾವ ಸ್ಪೀಕರು ಇದ್ದ ಹಾಗೆ ಕೂಗುತ್ತೋ ಅದು ಪಾಸು."

ಒಂದು ಸಲ ಇವರನ್ನು ಎಸ್.ಪಿ. ರೋಡಿಗೆ ಕರೆದುಕೊಂಡು ಹೋಗುವ ತಪ್ಪು ಮಾಡಿದೆ. ನನಗೆ ಒಂದು ಜೊತೆ ಸ್ಪೀಕರ್ ಬೇಕಿತ್ತು. ಅಂಗಡಿಯವನು ಎರಡು ಬಗೆ ಹಚ್ಚಿ ತೋರಿಸಿದ. ನಮ್ಮವರು ಅಲ್ಲೇ, ಗಿರಾಕಿಗಳ ನಡುವೆ, ಟವಲ್ ತೆಗೆದು ಕಣ್ಣಿಗೆ ಕಟ್ಟಿಕೊಂಡರು. ಅಂಗಡಿಯವನು ಬೆಚ್ಚಿ, "ಸಾರ್, ಇವರಿಗೆ ಹುಷಾರಿಲ್ವಾ?" ಅಂತ ನನ್ನನ್ನು ಕೇಳಿದ. ನಾನು ಉತ್ತರ ಹುಡುಕುವಷ್ಟರಲ್ಲಿ ಭಾವ, "ಎರಡನೇದನ್ನ ಒಂಚೂರು ಜೋರಾಗಿ ಇಟ್ಟಿದ್ದೀಯಲ್ಲಪ್ಪ, ಅದೇ ತಾನೇ ಮಾರಾಟವಾಗದೆ ಉಳಿದಿರೋದು?" ಅಂದರು. ಅಂಗಡಿಯವನ ಕೈ ಗುಂಡಿಯ ಮೇಲೇ ನಿಂತಿತು. ಇದನ್ನೂ ಬರೆದುಕೊಳ್ಳಿ: ಅಂಗಡಿಯವನು ಯಾವುದನ್ನು ಕೂದಲೆಳೆಯಷ್ಟು ಜೋರಾಗಿ ಹಾಕುತ್ತಾನೋ ಅದು ಅವನಿಗೆ ಖಾಲಿಯಾಗಬೇಕಾದ ಮಾಲು. ಜೋರಾದದ್ದು ಎಲ್ಲರ ಕಿವಿಗೂ ಚೆನ್ನಾಗಿಯೇ ಕೇಳುತ್ತದೆ. ಎರಡನ್ನೂ ಒಂದೇ ಮಟ್ಟಕ್ಕೆ ಇಡಿಸಿ ಕೇಳಿ. ಆವತ್ತು ನನಗೆ ಸಿಕ್ಕ ರಿಯಾಯಿತಿ ನನ್ನ ಬಾಯಿಂದ ಸಿಕ್ಕಿದ್ದಲ್ಲ, ಅವರ ಕಿವಿಯಿಂದ. ಅದನ್ನು ಅವರ ಮುಂದೆ ಮಾತ್ರ ಒಪ್ಪಿಕೊಳ್ಳಲಿಲ್ಲ.

ಇಂಥ ಕಿವಿ ಶತ್ರುಗಳನ್ನು ಸಂಪಾದಿಸದೆ ಇರುತ್ತದೆಯೇ? ಜಯನಗರದಲ್ಲಿ ನಮ್ಮ ಕಡೆಯವರೆಲ್ಲ ಸೇರಿ ನಡೆಸುವ ರಾಮೋತ್ಸವದ ಸಮಿತಿ ಒಂದಿತ್ತು. ಅದರ ಕಾರ್ಯದರ್ಶಿಗಳು ಒಬ್ಬ ಆಡಿಟರು. ಅವರ ಭಾವಮೈದ ಗಲ್ಫಿನಿಂದ ಒಂದು ಜೊತೆ ಫಾರಿನ್ ಸ್ಪೀಕರ್ ತಂದುಕೊಟ್ಟಿದ್ದ. ನೋಡುವುದಕ್ಕೇ ಜನರನ್ನು ಕರೆದು ಕಾಫಿ ಕೊಡುತ್ತಿದ್ದರು. ಭಾವ ಹೋದವರು ಕಾಫಿ ಕುಡಿದು, ಟವಲ್ ಕಟ್ಟಿಕೊಂಡು, ಅದರ ಪಕ್ಕದಲ್ಲಿ ನಾನು ಪ್ಲೈವುಡ್ಡಿನಲ್ಲಿ ಮಾಡಿಸಿದ್ದ ಬಾಕ್ಸನ್ನು ಇಡಿಸಿ, ಒಗ್ಗರಣೆ ಟೇಪು ಹಾಕಿಸಿದರು. ಹತ್ತಕ್ಕೆ ಹತ್ತು ಸರಿಯಾಗಿ ಗುರುತಿಸಿದರು. ಆಮೇಲೆ ಟವಲ್ ಬಿಚ್ಚಿ, ಹತ್ತು ಜನರ ಮುಂದೆ, "ಫಾರಿನ್ನದು ಫೇಲು. ಸಾಸಿವೆ ಸಿಡೀತಿಲ್ಲ, ಬರೀ ಉದುರ್ತಾ ಇದೆ" ಅಂದರು. ಆಡಿಟರು ನಕ್ಕರು. ಆ ನಗು ಕಂಡು ನಾನು ಅವತ್ತೇ ಅಕ್ಕನಿಗೆ ಹೇಳಿದೆ, ಇದು ಬಡ್ಡಿ ಸಮೇತ ವಾಪಸ್ ಬರುತ್ತದೆ ಅಂತ.

ಬಂತು. ಎರಡು ವರ್ಷ ಕಳೆದ ಮೇಲೆ.

ಆ ವರ್ಷ ರಾಮೋತ್ಸವಕ್ಕೆ ಹಾರ್ನ್ ಬೇಡ, ಬಾಕ್ಸ್ ಸ್ಪೀಕರೇ ಬೇಕು ಅಂತ ಸಮಿತಿ ತೀರ್ಮಾನ ಮಾಡಿತು. ತಿಂಗಳು ಪೂರ್ತಿ ಸಂಗೀತ ಕಚೇರಿ. ಅಲ್ಲಿ ಸೆಟ್ ಹಾಕಿದವನಿಗೆ ಸುತ್ತಲಿನ ಛತ್ರಗಳೆಲ್ಲ ತಾವಾಗಿಯೇ ಬರುತ್ತವೆ. ನಾನು ನನ್ನ ಹಳೆಯ ಹಾರ್ನ್‌ಗಳನ್ನೆಲ್ಲ ಮಾರಿ ಹೊಸ ಬಾಕ್ಸ್ ಮಾಡಿಸಿದ್ದೆ. ನನ್ನೆದುರು ಉಳಿದವನು ಜೆ.ಪಿ. ನಗರದ ಮೈಕ್ ಸೆಟ್ಟಿನವನು ಒಬ್ಬನೇ. ಇಬ್ಬರಲ್ಲಿ ಯಾರದು ಅನ್ನುವುದಕ್ಕೆ ಕಾರ್ಯದರ್ಶಿಗಳು ಒಂದು ಉಪಾಯ ಹೇಳಿದರು. "ನಿಮ್ಮ ಭಾವನವರೇ ಕೇಳಿ ಹೇಳಲಿ. ಅವರದೇ ಪದ್ಧತಿ. ಟವಲು, ಪರದೆ, ಹತ್ತು ಚೀಟಿ. ಸ್ಕೂಲ್ ಹಾಲಿನಲ್ಲಿ, ಎಲ್ಲರ ಮುಂದೆ. ಸರಿಯಾಗಿ ಗುರುತಿಸಿದರೆ ಅವರು ಹೇಳಿದ ಸೆಟ್ಟಿಗೇ ಕೆಲಸ. ಗುರುತಿಸದೆ ಹೋದರೆ, ಇಷ್ಟು ವರ್ಷ ಈ ಏರಿಯಾದಲ್ಲಿ ಎಲ್ಲರ ಸ್ಪೀಕರಿಗೂ ಫೇಲು ಫೇಲು ಅಂದರಲ್ಲ, ಅದಕ್ಕೆ ಅಲ್ಲೇ ನಿಂತು ತಪ್ಪಾಯಿತು ಅಂತ ಒಂದು ಮಾತು ಹೇಳಿಬಿಡಲಿ."

ಭಾವನವರು ಹೆಗಲ ಮೇಲಿನ ಟವಲನ್ನು ತೆಗೆದು, ಮಡಿಸಿ, ಮತ್ತೆ ಹಾಕಿಕೊಂಡರು. ಆಮೇಲೆ, "ಆಗಲಿ" ಅಂದರು. "ಹತ್ತಕ್ಕೆ ಒಂಬತ್ತಾದರೂ ಬರಬೇಕು. ಒಂದು ಬಿಟ್ಟುಕೊಡ್ತೀನಿ, ಕಾಗೆ ಗೀಗೆ ಕೂಗಿದ್ರೆ ಅಂತ."

ಒಂದು ತಮ್ಮ ಭಾವಮೈದನ ಸೆಟ್ಟು ಅಂತ ಗೊತ್ತಿದ್ದೂ ಇವರು ತೀರ್ಪು ಕೊಡಬಹುದೇ ಎಂದು ಒಬ್ಬರು ತಕರಾರು ತೆಗೆದರು. ಅದಕ್ಕೆ ಭಾವ, "ಟವಲ್ ಕಟ್ಟಿದಮೇಲೆ ಇವನು ಯಾರೋ ನಾನು ಯಾರೋ" ಅಂದರು. ಬಿಚ್ಚಿದ ಮೇಲೂ ಹೆಚ್ಚು ಕಡಿಮೆ ಹಾಗೇ ಇರುತ್ತಿದ್ದರು, ಅದು ಬೇರೆ ಮಾತು. ನಾನು ಖುಷಿಯಲ್ಲೇ ಇದ್ದೆ. ಆ ಕಿವಿ ನನ್ನ ಬಾಕ್ಸನ್ನು ಬಿಟ್ಟುಕೊಡದು ಎಂಬ ನಂಬಿಕೆ.

ಮುಂದಿನ ಭಾನುವಾರದ ಪರೀಕ್ಷೆಗೆ ಒಂದು ವಾರ ಇತ್ತು. ಭಾವ ನನ್ನ ಅಂಗಡಿಗೆ ಬಂದರು. ಬೇರೆ ಒಂದು ಜೊತೆ ಬಾಕ್ಸು ರಿಪೇರಿಯಾಗಿ ಬಂದಿತ್ತು. ಎಡಕ್ಕೊಂದು ಬಲಕ್ಕೊಂದು ಇಟ್ಟು, ಟೇಪು ಹಾಕಿ, ನಾನು ಫೋನೆತ್ತಿಕೊಂಡೆ. ಅವರು ನಡುವೆ ಕೂತು ಕೇಳಿ, ತಲೆದೂಗಿ, "ಪಾಸು ಕಣಯ್ಯ. ಎರಡೂ ಕಡೆ ಸಮ" ಅಂದರು.

ಅವರು ಪಾಸು ಅಂದದ್ದೇ ಅಪರೂಪ. ಸಂತೋಷಪಟ್ಟು ತಿರುಗಿ ನೋಡಿದೆ. ಬಲಗಡೆ ಬಾಕ್ಸಿನ ವೈರು ನೆಲದ ಮೇಲೆ ಬಿದ್ದಿತ್ತು. ಸಿಕ್ಕಿಸುವುದನ್ನೇ ನಾನು ಮರೆತಿದ್ದೆ. ಬಲಗಡೆಯಿಂದ ಉಸಿರೇ ಬರುತ್ತಿರಲಿಲ್ಲ.

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಗುವುದಕ್ಕೆ ಹೊರಟೆ. ಅವರ ಮುಖ ನೋಡಿ ನಗು ನುಂಗಿಕೊಂಡೆ. ನಿಧಾನವಾಗಿ ಅವರ ಬಲಕ್ಕೆ ಹೋಗಿ ನಿಂತು, ಮೆಲ್ಲಗೆ, "ಭಾವ, ಕಾಫಿ ತರಿಸಲಾ?" ಅಂದೆ. ಕಾಫಿ ಅಂದರೆ ನಿದ್ದೆಯಲ್ಲೂ ಹೂಂ ಅನ್ನುವವರು. ಎದುರಿನ ಗೋಡೆ ನೋಡುತ್ತಾ ಕೂತೇ ಇದ್ದರು.

ಸಾಯಂಕಾಲ ಯಡಿಯೂರಿಗೆ ಹೋಗಿ ಅಕ್ಕನನ್ನು ಅಡುಗೆ ಮನೆಯಲ್ಲಿ ಹಿಡಿದೆ. ಅವಳು ಹುರುಳಿಕಾಯಿ ಸೋಸುತ್ತಿದ್ದಳು. ನಾನು ವಿಷಯ ತೆಗೆದದ್ದೇ ಅವಳ ಕೈ ನಿಂತಿತು.

"ಬಲಗಿವಿ ಪೂರ್ತಿ ಹೋಗಿದೆ ಕಣೋ. ಎಡಗಿವಿ ಅರ್ಧ. ಆ ಹಾಳು ಮಿಷನ್ನುಗಳ ಸದ್ದಲ್ಲಿ ನಿಂತೂ ನಿಂತೂ. ಸಣ್ಣ ದನಿ ಯಾವುದೂ ಕೇಳಿಸಲ್ಲ."

"ಮತ್ತೆ ಭಾನುವಾರ ಭಾನುವಾರ ಹತ್ತಕ್ಕೆ ಹತ್ತು ಅಂತಿದ್ದೆಯಲ್ಲ?"

"ನಾನು ಹೇಳ್ತಿದ್ದದ್ದು" ಅಂದಳು ಅಕ್ಕ. "ಅವರು ಏನಂದ್ರೂ ಸರಿ ಅಂತೀನಿ. ಒಂದು ವರ್ಷದಿಂದ."

ನಮ್ಮ ಮನೆಯಲ್ಲಿ ಸುಳ್ಳು ಹೇಳುವ ಡಿಪಾರ್ಟ್‌ಮೆಂಟು ಯಾವತ್ತೂ ನನ್ನದೇ ಆಗಿತ್ತು.

"ಮೊದಲನೇ ಸಲ ನಾಲ್ಕು ತಪ್ಪು ಬಂತು. ನಿಜಾನೇ ಹೇಳಿದೆ. ಆವತ್ತು ಎಲೆ ಮುಂದೆ ಕೂತವರು ಒಂದು ತುತ್ತೂ ಇಳಿಸದೆ ಎದ್ದರು. ಮುಂದಿನ ವಾರ ಐದು ತಪ್ಪು. ಎಲ್ಲಾ ಸರಿ ಅಂದೆ. ಎರಡು ಸಲ ಅನ್ನ ಹಾಕಿಸಿಕೊಂಡ್ರು. ನೀನೇ ಹೇಳು, ಏನು ಮಾಡಬೇಕಿತ್ತು?" ಅಕ್ಕ ಮತ್ತೆ ಹುರುಳಿಕಾಯಿ ಮುರಿದಳು. "ಈ ಆಡಿಟರ ಉಸಾಬರಿ ಬರುತ್ತೆ ಅಂತ ನನಗೇನು ಗೊತ್ತಿತ್ತು. ಅವರು ತಮ್ಮ ಕಿವಿ ನೆಟ್ಟಗಿದೆ ಅಂತ ನಂಬಿಕೊಂಡೇ ಪರೀಕ್ಷೆಗೆ ಒಪ್ಪಿಕೊಂಡಿದಾರೆ. ಎಲ್ಲರ ಮುಂದೆ ತಲೆ ತಗ್ಗಿಸೋ ಹಾಗಾದ್ರೆ ಅವರು ಇನ್ನು ಮನೆಯಿಂದ ಆಚೆ ಬರಲ್ಲ. ಏನಾದ್ರೂ ಮಾಡೋ. ಅವರಿಗೆ ಮಾತ್ರ ಗೊತ್ತಾಗಬಾರದು."

ಏನಾದರೂ ಮಾಡೋ ಅಂದರೆ? ಬೇರೆಯವರ ಮಾಲಿನ ಬೆಲೆ ಇಳಿಸುವುದು ನನ್ನ ವಿದ್ಯೆ. ಕಿವಿ ಏರಿಸುವ ವಿದ್ಯೆ ನನ್ನಲ್ಲಿ ಎಲ್ಲಿತ್ತು? ಆದರೂ ಪ್ರಯತ್ನಪಟ್ಟೆ. ಮಾರನೆಯ ದಿನವೇ ಭಾವನ ಹತ್ತಿರ ಹೋಗಿ, ಎಡಗಡೆ ಕೂತು, "ಭಾನುವಾರ ತಲಘಟ್ಟಪುರದಲ್ಲಿ ನನ್ನ ಸ್ನೇಹಿತನ ಗೃಹಪ್ರವೇಶ. ನೀವು ಬರಲೇಬೇಕಂತೆ" ಅಂದೆ.

"ನನಗೂ ಅವನಿಗೂ ಏನಯ್ಯ ಸಂಬಂಧ?"

"ನಿಮ್ಮ ಮೇಲೆ ಭಾಳ ಗೌರವ. ಹೆಸರು ಹಿಡಿದು ಹೇಳಿದಾನೆ."

"ಹೌದಾ? ಯಾರಂತೆ ಅವನು, ಹೆಸರೇನು?"

ಅದನ್ನು ನಾನು ಯೋಚಿಸಿಕೊಂಡು ಹೋಗಿರಲಿಲ್ಲ. ಕಾಫಿ ಕುಡಿದು ಎದ್ದು ಬಂದೆ.

ಅಲ್ಲಿಂದ ನೇರ ಕಾರ್ಯದರ್ಶಿಗಳ ಮನೆಗೆ. ನನ್ನ ಸೆಟ್ಟನ್ನು ವಾಪಸ್ ತಗೊಂಡುಬಿಡುತ್ತೇನೆ, ಪೈಪೋಟಿಯೇ ಬೇಡ, ಜೆ.ಪಿ. ನಗರದವನಿಗೇ ಕೊಡಿ ಅಂದೆ. ಅವರು ಕನ್ನಡಕ ಒರೆಸಿಕೊಂಡು, "ಅದಕ್ಕೇನಂತೆ, ನಿಮ್ಮ ಬಾಕ್ಸಿನ ಬದಲು ನನ್ನ ಫಾರಿನ್ ಸ್ಪೀಕರ್ ಇಡೋಣ. ನಿಮ್ಮ ಭಾವನವರಿಗೆ ಅದರ ಪರಿಚಯ ಚೆನ್ನಾಗಿದೆಯಲ್ಲ" ಅಂದರು. ನನ್ನ ಬಾಕ್ಸೇ ಇರಲಿ ಸಾರ್ ಅಂತ ಹೇಳಿ ಬಂದೆ. ನನ್ನದಾದರೆ ಪರದೆಯ ಹಿಂದೆ ನಿಲ್ಲುವುದಕ್ಕಾದರೂ ನನಗೆ ಜಾಗ ಸಿಗುತ್ತದೆ.

ಕೆಮ್ಮಿ ಸನ್ನೆ ಮಾಡೋಣವೇ ಅಂತಲೂ ಯೋಚಿಸಿದೆ. ಒಂದಕ್ಕೆ ಒಂದು ಕೆಮ್ಮು, ಎರಡಕ್ಕೆ ಎರಡು. ಆದರೆ ಕೇಳಿಸುವಷ್ಟು ಜೋರಾಗಿ ಕೆಮ್ಮಿದರೆ ಇಡೀ ಹಾಲಿಗೆ ತಿಳಿಯುತ್ತದೆ. ಅದೂ ಅಲ್ಲದೆ ಭಾವನವರೇ, "ಯಾರದು ಕ್ಷಯ ರೋಗಿ, ಆಚೆ ಕಳಿಸಿ" ಅನ್ನುವ ಜಾತಿ.

ಭಾನುವಾರ ಬಂತು. ಸ್ಕೂಲ್ ಹಾಲಿನ ತುಂಬ ಜನ. ಕಚೇರಿಗೂ ಇಷ್ಟು ಜನ ಸೇರುತ್ತಿರಲಿಲ್ಲ. ವೇದಿಕೆಯ ಹಸಿರು ಪರದೆ ಎಳೆದಿತ್ತು. ಪರದೆಯ ಮುಂದೆ, ಹಾಲಿನ ನಡುವೆ, ಭಾವ ಟವಲ್ ಕಟ್ಟಿಕೊಂಡು ನೆಟ್ಟಗೆ ಕೂತರು. ಪಕ್ಕದಲ್ಲಿ ಅವರ ಉತ್ತರ ಬರೆದುಕೊಳ್ಳಲು ಕಾರ್ಯದರ್ಶಿಗಳು. ಪರದೆಯ ಹಿಂದೆ ಒಂದನೇ ನಂಬರು ಜೆ.ಪಿ. ನಗರದವನ ಬಾಕ್ಸು, ಎರಡನೇ ನಂಬರು ನನ್ನದು. ಯಾರದ್ದು ಯಾವ ನಂಬರು ಅಂತ ಮುಂದಿದ್ದವರಿಗೆ ಹೇಳಿರಲಿಲ್ಲ. ಚೀಟಿ ಎತ್ತಿ, ಸ್ವಿಚ್ ಬದಲಾಯಿಸಿ, ನಿಜವಾದ ನಂಬರನ್ನು ಬರೆದಿಡುವುದಕ್ಕೆ ಬ್ಯಾಂಕಿನ ಗುಮಾಸ್ತರೊಬ್ಬರು. ಕೊನೆಗೆ ಎರಡು ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಎರಡು ಬಾಕ್ಸನ್ನೂ ಒಂದೇ ಮಟ್ಟಕ್ಕೆ ತಂದು ನಿಲ್ಲಿಸಿದ್ದಾಯಿತು. ಒಂದು ಸಲ ಒಂದನೆಯದನ್ನೂ ಒಂದು ಸಲ ಎರಡನೆಯದನ್ನೂ ಕೇಳಿಸಿದ್ದಾಯಿತು. ತೆಂಗಿನಕಾಯಿ ತುರಿಯುವ ಸದ್ದಿಗೆ ಯಾರೋ ಕಿಸಕ್ಕನೆ ನಕ್ಕರು.

ಮೊದಲನೇ ಚೀಟಿ: ಒಂದು. ಭಾವ, "ಒಂದು" ಅಂದರು.

ಎರಡನೇ ಚೀಟಿ: ಒಂದು. ಸಾಸಿವೆ ಸಿಡಿಯಿತು, ಚಿಲಕ ಬಿತ್ತು, ಕೊಡ ತುಂಬಿತು. ಭಾವ ತಲೆಯನ್ನು ಒಂದು ಚೂರು ಬಲಕ್ಕೆ ತಿರುಗಿಸಿ ಎಡಗಿವಿಯನ್ನು ಮುಂದೆ ತಂದರು. ಪರದೆಯ ಸಂದಿಯಿಂದ ನೋಡುತ್ತಿದ್ದ ನನಗೆ ಅದು ಕಂಡಿತು. ಕಾರ್ಯದರ್ಶಿಗಳಿಗೂ ಕಂಡಿತೇನೋ.

"ಎರಡು" ಅಂದರು ಭಾವ.

ಗುಮಾಸ್ತರು ತಮ್ಮ ಪಟ್ಟಿಯಲ್ಲಿ ಒಂದು ಅಂತ ಬರೆದುಕೊಂಡು ನನ್ನನ್ನು ನೋಡಿದರು. ಬಿಟ್ಟುಕೊಡುತ್ತೇನೆ ಅಂದಿದ್ದ ಒಂದು ಹೋಯಿತು. ಇನ್ನು ಎಂಟು ಬಾಕಿ. ಎಂಟಕ್ಕೆ ಎಂಟೂ ಸರಿ ಬರಬೇಕು. ಕಿವುಡರು ಊಹೆಯಲ್ಲಿ ಎಂಟು ಸಲ ಗೆಲ್ಲುವುದುಂಟೇ?

ನನಗೆ ಮೊದಲು ಹೊಳೆದದ್ದು ನನ್ನ ಬಾಕ್ಸಿನ ಸಣ್ಣ ಸ್ಪೀಕರಿನ ವೈರು ಕಿತ್ತುಬಿಡುವುದು. ಸಾಸಿವೆಯ ಚಿಟಪಟದಂಥ ಸಣ್ಣ ದನಿಗಳು ಸತ್ತುಹೋದರೆ ಎರಡಕ್ಕೂ ಅಜಗಜಾಂತರವಾಗುತ್ತದೆ. ಕೈ ಚಾಚಿದವನು ಹಿಂದಕ್ಕೆ ಎಳೆದುಕೊಂಡೆ. ಸಣ್ಣ ದನಿ ಕೇಳುವುದಿಲ್ಲ ಅಂತಲೇ ತಾನೇ ಈ ಪಾಡು? ಅವರ ಮಟ್ಟಿಗೆ ಅದು ಆಗಲೇ ಸತ್ತಿದೆ. ಕೇಳಿಸಬೇಕಾದದ್ದು ದಪ್ಪ ಸದ್ದು, ಅರ್ಧ ಕಿವಿಗೂ ನಾಟುವಂಥದ್ದು.

ಜೇಬಿನಲ್ಲಿ ಒಂದು ಮದುವೆ ಕಾರ್ಡ್ ಇತ್ತು. ಮುಂದಿನ ವಾರಕ್ಕೆ ನನ್ನ ಸೆಟ್ ಹೇಳಿದ್ದವರು ಕೊಟ್ಟದ್ದು, ಒಳ್ಳೆ ಗಟ್ಟಿ ರಟ್ಟು. ಗುಮಾಸ್ತರ ಕಿವಿಯಲ್ಲಿ, "ಒಂದು ನಿಮಿಷ ಸಾರ್, ವೈರ್ ಸಡಿಲ ಆಗಿದೆ" ಅಂದು, ನನ್ನ ಬಾಕ್ಸಿನ ಹಿಂಬದಿ ಹಲಗೆ ತೆಗೆದು, ಕಾರ್ಡನ್ನು ಮಡಿಸಿ, ದೊಡ್ಡ ಸ್ಪೀಕರಿನ ಸದ್ದು ಹೊರಡಿಸುವ ಕಾಗದಕ್ಕೆ ತಾಗುವ ಹಾಗೆ ಸಿಕ್ಕಿಸಿದೆ. ಆ ಕಾಗದ ಅದುರಿದಾಗಲೆಲ್ಲ ರಟ್ಟಿಗೆ ಬಡಿದು ಜುಂಯ್ ಅನ್ನಬೇಕು. ಎಷ್ಟೋ ರಾತ್ರಿ ಇಂಥ ಜುಂಯ್ ಸದ್ದನ್ನು ಹುಡುಕಿ ತೆಗೆದವನು ನಾನು. ಹಾಕಿದ್ದು ಅದೇ ಮೊದಲು.

ಜೆ.ಪಿ. ನಗರದವನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. "ಏನ್ ಗುರು, ನಿನ್ ಸೆಟ್‌ಗೆ ನೀನೇ ಮದುವೆ ಮಾಡಿಸ್ತಿದೀಯಾ?" ಅಂತ ಪಿಸುಗುಟ್ಟಿದ.

"ನಿನಗೆ ಒಳ್ಳೇದೇ ಆಗ್ತಿದೆ. ಸುಮ್ನಿರು" ಅಂದೆ.

"ನಾನ್ಯಾಕ್ ಮಾತಾಡ್ಲಿ" ಅಂದ. ಬುದ್ಧಿವಂತ.

ಗುಮಾಸ್ತರು ಮಾತ್ರ, "ಇದು ಸರೀನಾ?" ಅಂತ ಕೇಳಿದರು. ನನ್ನ ಬಾಕ್ಸು, ನನ್ನ ನಷ್ಟ ಸಾರ್, ಇನ್ನೊಂದು ಸಲ ಎರಡನ್ನೂ ಕೇಳಿಸಿಬಿಡಿ ಅಂದೆ. ಅವರು ನನ್ನ ಮುಖ ನೋಡಿದರು, ಪರದೆಯ ಸಂದಿಯಿಂದ ಭಾವನ ಕಡೆ ನೋಡಿದರು. ಗಂಟಲು ಸರಿಮಾಡಿಕೊಂಡು, "ಒಂದು ವೈರ್ ಸಡಿಲವಾಗಿತ್ತಂತೆ. ಒಂದು ಮತ್ತು ಎರಡನ್ನು ಇನ್ನೊಂದು ಸಲ ಕೇಳಿಸುತ್ತಿದ್ದೇವೆ" ಅಂತ ಕೂಗಿದರು.

ಒಂದನೇ ನಂಬರು ಶುದ್ಧವಾಗಿ ನುಡಿಯಿತು. ಎರಡನೇ ನಂಬರಿನಲ್ಲಿ ಕೊಡಕ್ಕೆ ನೀರು ಬಿದ್ದದ್ದೇ ಜುಂಯ್ ಜುಂಯ್. ಅಕ್ಕ ಕೂಗಿದಾಗಲಂತೂ ಅವಳ ಗಂಟಲಲ್ಲಿ ದುಂಬಿ ಹೊಕ್ಕ ಹಾಗಿತ್ತು. ಹಾಲಿನಲ್ಲಿ ಗುಸುಗುಸು ಎದ್ದಿತು. ನನ್ನ ಹೊಸ ಬಾಕ್ಸು, ಮರದ ಪೇಟೆಯಲ್ಲಿ ಮೂರು ದಿನ ಅಲೆದು ತಂದ ಮರ, ನಾನೇ ನಿಂತು ಹಾಕಿಸಿದ ಮೊಳೆ. ಅದು ಎಲ್ಲರ ಮುಂದೆ ಹೀಗೆ ಗೊರಕೆ ಹೊಡೆಯುವುದನ್ನು ಕೇಳುತ್ತಾ ನಿಂತೆ. ಸ್ವಂತ ಮಗುವನ್ನು ಹೊಡೆದು ಅಳಿಸಿದ ಹಾಗಾಯಿತು.

ಮೂರನೇ ಚೀಟಿ: ಎರಡು. ಜುಂಯ್ ಅಂದಿತು. ಭಾವ ಉತ್ತರ ಹೇಳಲಿಲ್ಲ. ತೊಡೆಯ ಮೇಲೆ ತಾಳ ಹಾಕುತ್ತಿದ್ದ ಬೆರಳು ನಿಂತಿತು. ಕಾರ್ಯದರ್ಶಿಗಳು, "ಹೇಳಿ ಸಾರ್" ಅಂದರು. ಇನ್ನೂ ಇಲ್ಲ. ನಾನು ಪರದೆ ಹಿಡಿದುಕೊಂಡೆ.

"ಎರಡು" ಅಂದರು. ದನಿ ಸ್ವಲ್ಪ ಬೇರೆಯಾಗಿತ್ತು.

ಆಮೇಲೆ ತಡೆಯಲಿಲ್ಲ. ಒಂದು, ಎರಡು, ಎರಡು, ಒಂದು. ಹೀಗೆ ಎಂಟೂ. ಪಟ್ಟಿ ಪಕ್ಕಪಕ್ಕ ಇಟ್ಟಾಗ ಹತ್ತಕ್ಕೆ ಒಂಬತ್ತು. ಜನ ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿಗಳು ಪಟ್ಟಿಯನ್ನು ಆಡಿಟ್ ಮಾಡುವ ಹಾಗೆ ಎರಡು ಸಲ ನೋಡಿ, "ಒಂದು ತಪ್ಪಾಯ್ತಲ್ಲ ಸಾರ್?" ಅಂದರು.

"ಕಾಗೆ ಕೂಗಿತು" ಅಂದರು ಭಾವ, ಟವಲ್ ಮಡಿಸುತ್ತಾ.

ಬೆಳಗಿನಿಂದ ಆ ಹಾಲಿನ ಹತ್ತಿರ ಒಂದು ಕಾಗೆಯೂ ಬಂದಿರಲಿಲ್ಲ.

ತೀರ್ಪಿಗೆ ಏನು ಉಳಿದಿತ್ತು? "ಒಂದು ಪಾಸು, ಎರಡು ಫೇಲು" ಅಂದರು. ಪರದೆ ಸರಿಸಿದರು. ಎರಡು ನನ್ನದು ಅಂತ ಗೊತ್ತಾದಾಗ ಕಾರ್ಯದರ್ಶಿಗಳು, "ಏನ್ರೀ, ಇಷ್ಟು ವರ್ಷ ಈ ಲೈನಲ್ಲಿದ್ದು ಇಂಥ ಮಾಲು ತಂದಿದೀರಲ್ಲ" ಅಂತ ನಾಲ್ಕು ಜನಕ್ಕೆ ಕೇಳಿಸುವ ಹಾಗೆ ಅಂದರು. ನನಗೆ ಉತ್ತರ ಗೊತ್ತಿತ್ತು. ಅಂ‌ಥ ಉತ್ತರವನ್ನು ಹೇಳದೆ ಬಂದದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಜೆ.ಪಿ. ನಗರದವನು ಬಾಕ್ಸ್ ಎತ್ತುವುದಕ್ಕೆ ಕೈ ಕೊಟ್ಟ. ಹೋಗುವಾಗ, "ಯಾಕ್ ಹೀಗ್ ಮಾಡ್ದೆ ಅಂತ ಕೇಳಲ್ಲ ಗುರು, ಯಾವುದಾದ್ರೂ ಛತ್ರ ಬಂದ್ರೆ ನಿನಗೂ ಹೇಳ್ತೀನಿ" ಅಂದ. ಹೇಳಿದ ಕೂಡ.

ಬಾಕ್ಸನ್ನು ಗಾಡಿಗೆ ಹಾಕಿ ಕಳಿಸಿ, ನಾನೂ ಭಾವನೂ ಯಡಿಯೂರಿನ ಕಡೆ ನಡೆದು ಹೊರಟೆವು. ಬಿಸಿಲೇರುತ್ತಿತ್ತು. ಕೆರೆಯ ಏರಿ ಸಿಕ್ಕಿದಮೇಲೆ ಭಾವನೇ ಮಾತು ಶುರು ಮಾಡಿದರು.

"ಮೊದಲೆರಡು ಚೀಟೀಲಿ ನನಗೆ ಎರಡೂ ಒಂದೇ ಥರ ಕೇಳಿಸ್ತು ಕಣಯ್ಯ. ಬಾಯಿಗೆ ಬಂದಿದ್ದು ಹೇಳಿದೆ."

ನಾನು ದಾರಿಯ ಕಲ್ಲೊಂದನ್ನು ಕಾಲಿನಿಂದ ಬದಿಗೆ ತಳ್ಳಿದೆ.

"ಆಮೇಲೆ ಒಂದು ಬಾಕ್ಸು ಜುಂಯ್ ಅಂತು. ನನಗೆ ಕೇಳಿಸಲಿ ಅಂತಲೇ ಅಂದ ಹಾಗೆ. ಆ ಪರದೆ ಹಿಂದೆ ಇದ್ದವರು ಮೂರು ಜನ. ತನ್ನ ಮಾಲು ತಾನೇ ಕೆಡಿಸಿಕೊಳ್ಳೋ ಪೆದ್ದ ಅವರಲ್ಲಿ ಯಾರಿದ್ದಾನೆ ಅಂತ ಕಂಡುಹಿಡಿಯೋಕೆ ಕಿವಿ ಬೇಕಾ?"

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಅನ್ನಿಸಿ ಬಾಯಿ ತೆರೆದೆ. "ಭಾವ, ಅಕ್ಕ ಮನೇಲಿ..."

"ನಿಮ್ಮಕ್ಕನ ವಿಷಯ ತಾನೇ? ನಾನು ಸರಿಯಾಗಿ ಹೇಳಿದ್ರೆ ಥಟ್ಟಂತ ಸರಿ ಅಂತಾಳೆ. ತಪ್ಪಾಗಿದ್ರೆ ಒಂದು ಗಳಿಗೆ ತಡೆದು ಸರಿ ಅಂತಾಳೆ. ಇಪ್ಪತ್ತೈದು ವರ್ಷ ಇನ್‌ಸ್ಪೆಕ್ಷನ್ ಮಾಡಿದೀನಿ, ಅಷ್ಟು ಗೊತ್ತಾಗಲ್ವಾ?"

"ಗೊತ್ತಿದ್ದೂ ಯಾಕೆ ಒಪ್ಪಿಕೊಂಡ್ರಿ? ಆಗಲ್ಲ ಅಂದುಬಿಡಬಹುದಿತ್ತಲ್ಲ. ಅಷ್ಟು ಜನದ ಮುಂದೆ ಏನಾಗ್ತಿತ್ತು ಗೊತ್ತಾ?" ಅವರ ಮುಂದೆ ಬಂದು ದನಿ ಏರಿಸಿದೆ.

"ಆಗಲ್ಲ ಅಂದಿದ್ರೆ ನನಗೆ ಗೊತ್ತು ಅಂತ ಅವಳಿಗೆ ಗೊತ್ತಾಗ್ತಿತ್ತು." ಭಾವ ಕೆರೆಯ ಕಡೆ ನೋಡಿದರು. "ಭಾನುವಾರದ್ದು ನಿಂತುಹೋಗ್ತಿತ್ತು. ಕೆಲಸ ಬಿಟ್ಟು ಅವಳು ನನ್ನ ಜೊತೆ ಎರಡು ಗಂಟೆ ಕೂರೋದು ಅದೊಂದೇ ದಿನ ಕಣಯ್ಯ."

ನಾನು ಮೆಲ್ಲಗೆ ಏನೋ ಹೇಳಿದೆ. ಅದು ಅವರಿಗೆ ಕೇಳಿಸಲಿಲ್ಲ. ನಾನು ಮತ್ತೆ ಅವರ ಬಲಗಡೆ ನಡೆಯುತ್ತಿದ್ದೆ.

ಭಾವ ನಿಂತರು. ನನ್ನ ಹಿಂದಿನಿಂದ ಸುತ್ತಿಕೊಂಡು ಬಂದು ನನ್ನ ಬಲಕ್ಕೆ ಸೇರಿಕೊಂಡರು. "ಈಗ ಹೇಳು. ಆ ಕಡೆ ಏನೂ ಉಳಿದಿಲ್ಲ" ಅಂದರು.

ಆ ಮಾತನ್ನು ಅವರು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ನನಗೆ ಹೇಳಬೇಕಾದದ್ದು ಮರೆತುಹೋಯಿತು. ಆದರೂ ಮಾತಾಡಿದೆ. ಪ್ಲೈವುಡ್ಡಿನ ರೇಟು, ಕೋಣನಕುಂಟೆಯಲ್ಲಿ ಒಬ್ಬ ಮಾರುತ್ತಿದ್ದ ಹಳೆಯ ಆಂಪ್ಲಿಫೈಯರು, ಮುಂದಿನ ವಾರದ ಮದುವೆ, ಬಾಯಿಗೆ ಬಂದದ್ದನ್ನೆಲ್ಲ, ಸ್ವಲ್ಪ ಗಟ್ಟಿಯಾಗಿ, ಅವರ ಎಡಗಡೆಯಿಂದ, ಅಕ್ಕ ನಿಂತಿದ್ದ ಗೇಟಿನವರೆಗೂ.